ನಾಲ್ಕು ಕೀಲು, ನಾಲ್ಕು ಚುಕ್ಕೆ

"ಎಡಗಡೇದು ಒಂದೇ ಅಲ್ಲ ಗಾಜಿನಣ್ಣ, ಬಲಗಡೇದೂ ಮುಗೀತು. ನಾಲ್ಕನ್ನೂ ಬದಲಾಯಿಸ್ಬೇಕು."

ಹೀಗೆಂದವನು ಕಿವಿ ಮೇಸ್ತ್ರಿ. ಜಾಕಿನ ಮೇಲೆ ಮೂತಿ ಎತ್ತಿ ನಿಂತಿದ್ದ ಹಳೆಯ ಪಿಕಪ್ಪಿನ ಮುಂದಿನ ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಿಸುತ್ತ, ಕಣ್ಣು ಮುಚ್ಚಿ, ತಲೆ ವಾಲಿಸಿ ಕೇಳುತ್ತಿದ್ದ. ಗಾಡಿ ಗ್ಯಾರೇಜಿನ ಬಾಗಿಲಿಗೆ ಬರುವ ಮೊದಲೇ ಅದರ ಯಾವ ನಟ್ಟು ಸಡಿಲ ಎಂದು ಹೇಳಬಲ್ಲವನಾದ್ದರಿಂದ ಅವನಿಗೆ ಆ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಅವನ ಬ್ಯಾಂಕಿನವರಿಗೆ ಮಾತ್ರ ಗೊತ್ತಿತ್ತು.

ಗಾಜಿನವನು ಬಗ್ಗಿ ನೋಡಿದ. ಅವನಿಗೆ ಕಂಡದ್ದು ಮಣ್ಣು, ಗ್ರೀಸು ಮತ್ತು ಕತ್ತಲೆ.

"ಟಕ್ ಅನ್ನೋದು ಎಡಗಡೆ ತಾನೆ? ಬಲಗಡೆ ಏನೂ ಅಂತಿಲ್ವಲ್ಲ."

"ನಿಮಗೆ ಕೇಳಿಸ್ತಿಲ್ಲ. ನನಗೆ ಕೇಳಿಸ್ತಿದೆ."

"ನಿನಗೆ ಮಾತ್ರ ಕೇಳಿಸೋದಕ್ಕೆ ನಾನು ಸಾಮಾನು ತರಬೇಕಾ?"

ಮೇಸ್ತ್ರಿ ನಕ್ಕ. "ಒಂದು ಕಾಲಿಗೆ ಹೊಸ ಚಪ್ಪಲಿ, ಇನ್ನೊಂದಕ್ಕೆ ಸವೆದದ್ದು ಮೆಟ್ಕೊಂಡು ನಡೀತೀರಾ ಅಣ್ಣ? ಬರ್ಕೊಳ್ಳಿ. ಕೆಳಗಿನ ಬಾಲ್ ಜಾಯಿಂಟ್ ಎರಡು, ಟೈ ರಾಡ್ ಎಂಡ್ ಎರಡು. ಅಲುಗಾಟ ನುಂಗೋ ಬುಷ್ ಒಂದು ಸೆಟ್ಟು, ಅದು ರಬ್ಬರಿಂದೇ ಆಗ್ಬೇಕು. ಗಟ್ಟಿ ಪ್ಲಾಸ್ಟಿಕ್ಕಿಂದು ಬಾಳಿಕೆ ಬರುತ್ತೆ ನಿಜ, ಆದ್ರೆ ರಸ್ತೆ ಮೇಲಿನ ಕಡ್ಡೀನೂ ನಿಮ್ಮ ಗಾಜಿಗೆ ವರದಿ ಒಪ್ಪಿಸುತ್ತೆ."

ಗಾಜಿನವನು ಬರೆದುಕೊಂಡ. ಇಪ್ಪತ್ತು ವರ್ಷದಿಂದ ಇದೇ ಪಿಕಪ್ಪಿನ ಬೆನ್ನ ಮೇಲೆ, ಹಳೆಯ ಕಂಬಳಿ ಹೊದಿಸಿದ ಮರದ ಚೌಕಟ್ಟಿನಲ್ಲಿ ಕಿಟಕಿಯ ಗಾಜುಗಳನ್ನು ನಿಲ್ಲಿಸಿ ಊರೆಲ್ಲ ಸಾಗಿಸಿದವನು ಅವನು. ಬಾಲ್ ಜಾಯಿಂಟ್ ಅಂದರೆ ಚಕ್ರವನ್ನು ಗಾಡಿಗೆ ಹಿಡಿದಿಡುವ ಮಂಡಿಯ ಕೀಲು, ಟೈ ರಾಡ್ ಎಂಡ್ ಅಂದರೆ ಸ್ಟಿಯರಿಂಗ್ ಹೇಳಿದ ಮಾತನ್ನು ಚಕ್ರಕ್ಕೆ ಮುಟ್ಟಿಸುವ ಮಣಿಕಟ್ಟಿನ ಕೀಲು ಎಂಬಷ್ಟು ತಿಳಿವಳಿಕೆ ಅವನಿಗೂ ಇತ್ತು. ಮಂಡಿ ಕಳಚಿದರೆ ಚಕ್ರ ಮಡಚಿ ಬೀಳುತ್ತದೆ ಎಂಬುದೂ ಗೊತ್ತಿತ್ತು. ಇಷ್ಟು ವರ್ಷ ಇಂಥ ಪಟ್ಟಿಗೆ ಹೂಂ ಅಂದು ಹೋಗುತ್ತಿದ್ದ. ಈ ಸಲ ಆಗಲಿಲ್ಲ. ಅದಕ್ಕೆ ಎರಡು ಕಾರಣ.

ಮೊದಲನೆಯದು ಮಗಳು. ಅವನ ಎಡ ಭುಜ ಹಿಡಿದುಕೊಂಡು ಮೂರು ತಿಂಗಳಾಗಿತ್ತು. ಗೇರು ಹಾಕಿದರೆ ಕಣ್ಣಲ್ಲಿ ನೀರು. ಬರುವ ಸೋಮವಾರದಿಂದ ಗಾಡಿ ಮಗಳ ಕೈಗೆ. ಇಪ್ಪತ್ನಾಲ್ಕು ವರ್ಷದವಳು, ಅಂಗಡಿಯಲ್ಲಿ ಗಾಜು ಕೊಯ್ಯುವುದರಲ್ಲಿ ಅಪ್ಪನನ್ನು ಮೀರಿಸಿದವಳು. ಮೊದಲ ದಿನವೇ ಊರ ಮಗ್ಗುಲಿನ ಗುಡ್ಡದ ಹೊಸ ಕಟ್ಟಡಕ್ಕೆ ಹನ್ನೆರಡು ಗಾಜು ಹೋಗಬೇಕಿತ್ತು. ಆ ದಾರಿಯಲ್ಲಿ ಕಡಿದಾದ ಇಳಿಜಾರಿತ್ತು.

ಎರಡನೆಯದು ಹೆಂಡತಿಯ ತಮ್ಮ. ವ್ಯಾನ್ ಓಡಿಸುವವನು, ಬಾಯಿಗೆ ಬ್ರೇಕ್ ಇಲ್ಲದವನು. ಹೋದ ಭಾನುವಾರ ಬಂದು ಕೂತು, "ಭಾವ, ನೀವು ಇನ್ನೂ ಆ ಕಿವಿ ಹತ್ರಾನೇ ಹೋಗ್ತೀರಾ? ಅವನಿಗೂ ಎದುರುಗಡೆ ಪಾರ್ಟ್ಸ್ ಅಂಗಡಿ ನಿಧಾನಪ್ಪಂಗೂ ಒಳಗೊಳಗೇ ಇದೆ. ಹಳೇದನ್ನ ತಿಕ್ಕಿ ತೊಳ್ದು, ಹೊಸ ಡಬ್ಬೀಲಿ ಹಾಕಿ ಕೊಡ್ತಾರೆ. ನೀವು ಡಬ್ಬಿ ನೋಡಿ ಮನೆಗೆ ಬರ್ತೀರಿ" ಎಂದು ತಲೆಗೆ ಹುಳ ಬಿಟ್ಟು, ಎರಡು ಲೋಟ ಚಹಾ ಕುಡಿದು ಹೋಗಿದ್ದ. ಚಹಾ ಮುಗಿಯಿತು. ಹುಳ ಮುಗಿಯಲಿಲ್ಲ.

"ಪಟ್ಟಿ ಕೊಡಿ, ನಾನೇ ಹೋಗಿ ತರ್ತೀನಿ," ಎಂದು ಮೇಸ್ತ್ರಿ ಕೈ ಚಾಚಿದ.

"ಬೇಡ. ನಾನೇ ತರ್ತೀನಿ."

ಮೇಸ್ತ್ರಿಯ ಕೈ ಗಾಳಿಯಲ್ಲಿ ಒಂದು ಗಳಿಗೆ ನಿಂತಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಆ ಕೈ ನಿಂತದ್ದನ್ನೂ ಗಾಜಿನವನು ಮನಸ್ಸಿನಲ್ಲಿ ಗುರುತು ಹಾಕಿಕೊಂಡ.

ನಿಧಾನಪ್ಪನ ಅಂಗಡಿ ಬೀದಿಯ ಆಚೆ ಬದಿಗೆ, ಗ್ಯಾರೇಜಿಗೆ ನೇರ ಎದುರು. ಅವನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಇಡೀ ದಿನ ಗ್ಯಾರೇಜಿನ ಕಡೆಗೇ ಮುಖ ಮಾಡಿ ಕೂರುತ್ತಿದ್ದ. ಈಚೆಯಿಂದ ಮೇಸ್ತ್ರಿ ಸ್ಪ್ಯಾನರ್ ಎತ್ತಿ ತೋರಿಸಿದರೆ ಆಚೆಯಿಂದ ಅದಕ್ಕೆ ಬೇಕಾದ ಬೋಲ್ಟು ಬರುತ್ತಿತ್ತು, ನಿಧಾನವಾಗಿ. ಇಷ್ಟು ದಿನ ಇದು ಗಾಜಿನವನಿಗೆ ಸ್ನೇಹದಂತೆ ಕಂಡಿತ್ತು. ಇವತ್ತು ಸನ್ನೆಯಂತೆ ಕಂಡಿತು.

ನಿಧಾನಪ್ಪ ಪಟ್ಟಿ ಓದಿ, ಕನ್ನಡಕ ಒರೆಸಿ, ಮತ್ತೆ ಓದಿ, ಏಣಿ ಹತ್ತಿ, ಮೇಲೆ ಏನೋ ಯೋಚಿಸಿ, ಬರಿಗೈಯಲ್ಲಿ ಇಳಿದು, ಮತ್ತೆ ಹತ್ತಿ, ಕೊನೆಗೆ ಎರಡು ಬಗೆಯ ಡಬ್ಬಿ ತಂದು ಇಟ್ಟ.

"ಈ ನೀಲಿ ಡಬ್ಬೀದಕ್ಕೆ ಕೆಳಗೆ ಗ್ರೀಸ್ ತುಂಬೋ ಮೂತಿ, ನಿಪ್ಪಲ್ ಇದೆ. ತಿಂಗಳಿಗೊಂದ್ಸಲ ಗ್ರೀಸ್ ಕುಡಿಸ್ಬೇಕು. ಈ ಬಿಳೀದು ಸೀಲ್ ಆಗಿರೋದು. ಹಾಕಿ ಮರ್ತುಬಿಡ್ಬಹುದು."

"ನೀವಾದ್ರೆ ಯಾವುದು ಹಾಕ್ತೀರಿ?"

"ನಾನಾ? ಸೀಲಿಂದು."

"ಮೇಸ್ತ್ರಿ ನಿಪ್ಪಲ್ ಇರೋದೇ ಒಳ್ಳೇದು ಅಂತಾನಲ್ಲ ಯಾವಾಗ್ಲೂ."

"ಹಾಗಾದ್ರೆ ಅದನ್ನೇ ತಗೊಳ್ಳಿ."

ಇಷ್ಟು ಬೇಗ? ಏಣಿ ಹತ್ತಲು ಕಾಲು ಗಂಟೆ ತೆಗೆದುಕೊಳ್ಳುವವನು ಮಾತು ಬದಲಿಸಲು ಕಣ್ಣು ಮಿಟುಕಿಸುವಷ್ಟೂ ಹೊತ್ತು ತೆಗೆದುಕೊಳ್ಳಲಿಲ್ಲ. ಗಾಜಿನವನು ನೀಲಿ ಡಬ್ಬಿ ತಿರುಗಿಸಿ ನೋಡಿದ. ಒಂದರ ಅಂಟುಪಟ್ಟಿ ಬಿಚ್ಚಿ ಮತ್ತೆ ಅಂಟಿಸಿದಂತಿತ್ತು.

"ಇದು ಯಾಕೆ ತೆಗ್ದಿದೆ?"

"ತಿರುಪಿನ ಥ್ರೆಡ್ ಸರಿಯಾಗಿದೆಯಾ ಅಂತ ನಾನೇ ತೆಗ್ದು ನೋಡಿದ್ದೆ ಸಾಹುಕಾರ್ರೆ. ಯಾಕೆ, ಒಳಗೆ ಹಾವಿದೆಯಾ?"

ಗಾಜಿನವನು ನಗಲಿಲ್ಲ. ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ಗ್ಯಾರೇಜಿಗೆ ಹೋಗದೆ ಸೀದಾ ಮನೆಗೆ ಬಂದ.

ಮಧ್ಯಾಹ್ನದ ಹೊತ್ತು. ಹೆಂಡತಿ ಮಲಗಿದ್ದಳು, ಮಗಳು ಅಂಗಡಿಯಲ್ಲಿದ್ದಳು. ಅವನು ನಾಲ್ಕು ಕೀಲುಗಳನ್ನೂ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟ. ಹೊಳೆಯುತ್ತಿದ್ದವು. ತಿಕ್ಕಿ ಹೊಳೆಸಿದ್ದೋ, ಹುಟ್ಟಾ ಹೊಳೆಯುವುದೋ, ಯಾರಿಗೆ ಗೊತ್ತು? ಇರಲಿ, ಕೊಂಡದ್ದು ಎಂಥದ್ದೋ ಆಗಲಿ, ಕೊಂಡದ್ದೇ ಗಾಡಿಗೆ ಹತ್ತುತ್ತದೆಯೇ ಎಂಬುದನ್ನಾದರೂ ಕಂಡುಹಿಡಿಯಬಹುದಲ್ಲ. ಗುರುತು ಹಾಕಲು ಪೆನ್ನು ಹುಡುಕಿದ, ಗ್ರೀಸಿಗೆ ಅಳಿಸಿಹೋದೀತು. ಕನ್ನಡಿಯ ಮುಂದೆ ಮಗಳ ಉಗುರುಬಣ್ಣದ ಶೀಶೆ ಕಂಡಿತು. ಕೆಂಪು. ನಾಲ್ಕು ಕೀಲಿಗೂ ತಳದಲ್ಲಿ, ನಿಪ್ಪಲಿನ ಪಕ್ಕ, ಉದ್ದಿನ ಕಾಳಿನಷ್ಟು ಒಂದೊಂದು ಚುಕ್ಕೆ ಇಟ್ಟ. ಊದಿ ಒಣಗಿಸಿದ. ಅಂಥ ಶ್ರದ್ಧೆಯಿಂದ ಅವನು ಮಗಳ ಶಾಲೆಯ ಚಿತ್ರಕ್ಕೂ ಬಣ್ಣ ಹಚ್ಚಿರಲಿಲ್ಲ. ಶೀಶೆಯನ್ನು ಜೇಬಿಗೆ ಹಾಕಿದವನು ಮತ್ತೆ ಕನ್ನಡಿಯ ಮುಂದಿಡುವುದನ್ನು ಮರೆತ.

ಸಂಜೆ ಚೀಲವನ್ನು ಮೇಸ್ತ್ರಿಗೆ ಕೊಟ್ಟು, "ಸೋಮವಾರದಿಂದ ಮಗಳು ಓಡಿಸ್ತಾಳೆ. ಜೋಪಾನ" ಎಂದಷ್ಟೇ ಹೇಳಿ ಬಂದ.

ಮರುದಿನ ಮಧ್ಯಾಹ್ನ ಹೋದಾಗ ಮೇಸ್ತ್ರಿ ಇರಲಿಲ್ಲ. ಗಾಡಿಯ ಕೀಲಿಕೈಯನ್ನು ಪಕ್ಕದ ಟೈರಿನವನ ಹತ್ತಿರ ಬಿಟ್ಟು ಎಲ್ಲೋ ಹೋಗಿದ್ದ. ಯಾವತ್ತೂ ಹಾಗೆ ಮಾಡಿದವನಲ್ಲ. ಕೆಲಸ ಮುಗಿದ ಗಾಡಿಯನ್ನು ಮಗಳನ್ನು ಗಂಡನ ಮನೆಗೆ ಕಳಿಸುವವನಂತೆ ನಾಲ್ಕು ಬುದ್ಧಿಮಾತು ಹೇಳಿಯೇ ಬಿಟ್ಟುಕೊಡುತ್ತಿದ್ದ. ಸೀಟಿನ ಮೇಲೆ ಎಂದಿನಂತೆ ಡಬ್ಬಿಗಳಿದ್ದವು. ಹೊಸ ಸಾಮಾನು ಹಾಕಿ, ಬಿಚ್ಚಿದ ಹಳೆಯದನ್ನು ಅದೇ ಡಬ್ಬಿಯಲ್ಲಿ ಹಾಕಿ ಗಿರಾಕಿಗೆ ಒಪ್ಪಿಸುವುದು ಮೇಸ್ತ್ರಿಯ ಪದ್ಧತಿ. ಆದರೆ ಗಾಜಿನವನು ಕೊಟ್ಟಿದ್ದು ನೀಲಿ ಡಬ್ಬಿ. ಸೀಟಿನ ಮೇಲಿದ್ದವು ಹಳದಿ.

ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿ ಗಾಡಿ ಹೊರಡಿಸಿದ.

ಗಾಡಿ ಮಾತ್ರ ಬೆಣ್ಣೆಯಂತೆ ಓಡಿತು. ಚರಂಡಿಯ ಚಪ್ಪಡಿ ದಾಟುವಾಗಲೂ ಟಕ್ ಅನ್ನಲಿಲ್ಲ. ಅಷ್ಟು ಚೆನ್ನಾಗಿ ಓಡಿದ್ದೇ ಅವನಿಗೆ ಇನ್ನಷ್ಟು ಅನುಮಾನ ತಂದಿತು. ಮನೆಗೆ ಬಂದವನೇ ಹಳದಿ ಡಬ್ಬಿಗಳನ್ನು ತೆರೆಯದೆ, ಎಂದಿನಂತೆ ಹಿಂದಿನ ಶೆಡ್ಡಿನ ಮೂಲೆಗೆ ಎಸೆದ. ಹಳೇ ಕಬ್ಬಿಣ ನೋಡಿ ಆಗಬೇಕಾದ್ದೇನು? ಟಾರ್ಚು ಹಿಡಿದು ಗಾಡಿಯ ಕೆಳಗೆ ನುಗ್ಗಿದ.

ನೋಯುವ ಭುಜದ ಮೇಲೆ ತೆವಳುತ್ತ, ಎಡಗಡೆ ನೋಡಿದ. ಚುಕ್ಕೆ ಇಲ್ಲ. ಬಲಗಡೆ ತೆವಳಿದ. ಇಲ್ಲ. ನಾಲ್ಕರಲ್ಲಿ ಒಂದಕ್ಕೂ ಇಲ್ಲ. ಚುಕ್ಕೆ ಹಾಳಾಗಲಿ, ನಿಪ್ಪಲ್ಲೇ ಇಲ್ಲ!

"ಏನ್ರೀ ಅದು, ಗಾಡಿ ಕೆಳಗೆ ಮನೆ ಮಾಡಿದೀರಾ?" ಹೆಂಡತಿ ಬಾಗಿಲಿನಿಂದ ಕೇಳಿದಳು.

"ಟೋಪಿ ಹಾಕಿದ್ರು ಕಣೇ. ನಿನ್ನ ತಮ್ಮ ಹೇಳಿದ್ದು ನಿಜ."

"ಅವನು ಹೇಳಿದ್ದು ನಿಜ ಆಗಿದ್ದು ಇದೇ ಮೊದಲನೇ ಸಲ ಇರ್ಬೇಕು. ಇನ್ನೊಂದ್ಸಲ ನೋಡಿ."

ಇನ್ನೊಂದು ಸಲ ನೋಡಿದ. ಇರಲಿಲ್ಲ. ಇಪ್ಪತ್ತು ವರ್ಷದ ಎಷ್ಟು ಬೇರಿಂಗು, ಎಷ್ಟು ಬ್ರೇಕು, ಎಷ್ಟು ಕ್ಲಚ್ಚು! ಯಾವುದು ಹೊಸದಿತ್ತು, ಯಾವುದು ತಿಕ್ಕಿ ತೊಳೆದದ್ದಿತ್ತು? ಇಂಥ ಗಾಡಿಯಲ್ಲಿ ಮಗಳನ್ನು ಆ ಇಳಿಜಾರಿಗೆ ಕಳಿಸಲು ಹೊರಟಿದ್ದೆನಲ್ಲ!

ಶನಿವಾರ ಬೆಳಗ್ಗೆ ಅವನು ಮೊದಲು ಹೋದದ್ದು ನಿಧಾನಪ್ಪನಲ್ಲಿಗೆ. ಇಬ್ಬರು ಕಳ್ಳರಲ್ಲಿ ಬಾಯಿ ನಿಧಾನದವನನ್ನು ಮೊದಲು ಹಿಡಿಯುವುದು ವಾಸಿ ಎಂಬ ಲೆಕ್ಕ. ಆದರೆ ಅಂಗಡಿಯ ಮುಂದೆ ಅವನ ಕಾಲು ನಿಂತಿತು. ನಿಧಾನಪ್ಪನ ಕುರ್ಚಿ ತಿರುಗಿತ್ತು. ಗ್ಯಾರೇಜಿಗೆ ಬೆನ್ನು, ಗೋಡೆಗೆ ಮುಖ.

"ಬಂದ್ರಾ?" ಎಂದ ನಿಧಾನಪ್ಪ. "ಬನ್ನಿ. ನಿಮ್ಮ ಮೇಸ್ತ್ರಿ ಏನು ಮಾಡಿದ ನೋಡಿ." ಎದ್ದು, ಈ ಸಲ ಸ್ವಲ್ಪವೂ ತಡಮಾಡದೆ, ನಾಲ್ಕು ನೀಲಿ ಡಬ್ಬಿಗಳನ್ನು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದ. ಒಂದನ್ನು ತೆರೆದು ಕೀಲನ್ನು ಮಗುಚಿ ತೋರಿಸಿದ. ತಳದಲ್ಲಿ ಕೆಂಪು ಚುಕ್ಕೆ.

ಗಾಜಿನವನು ಆ ಚುಕ್ಕೆಯ ಮೇಲೆ ಬೆರಳಾಡಿಸಿದ.

"ಇಪ್ಪತ್ತೆರಡು ವರ್ಷ," ಎಂದ ನಿಧಾನಪ್ಪ. "ಬೀದಿ ದಾಟಿ ಬಂದು ಇದನ್ನ ನನ್ನ ಮುಖಕ್ಕೆ ಎಸೆದ. 'ಯಾರದೋ ಗಾಡೀಲಿ ಸವೆದದ್ದನ್ನ ತೊಳ್ದು ನನ್ನ ಗಿರಾಕಿಗೆ ಮಾರ್ತೀಯಾ' ಅಂದ. ನಾಲ್ಕು ಜನ ನೋಡ್ತಾ ಇದ್ರು."

"ಸವೆದದ್ದು ಅಂತ... ಅವನಿಗೆ ಹೇಗೆ ಅನ್ನಿಸ್ತು?"

"ಹೇಗೆ ಅಂದ್ರೆ? ಈ ಕೆಂಪು ನೋಡಿ! ಬಿಚ್ಚಿದ ಹಳೇ ಸಾಮಾನಿಗೆಲ್ಲ ಅವನು ಕೆಂಪು ಚುಕ್ಕೆ ಇಡ್ತಾನಲ್ಲ, ಯಾರೂ ತಿಕ್ಕಿ ಹೊಸದು ಅಂತ ಮಾರಬಾರದು ಅಂತ. ಈ ಬೀದೀಲಿ ಕೆಂಪು ಅಂದ್ರೆ ಸತ್ತ ಸಾಮಾನು ಅಂತ ಎಲ್ಲರಿಗೂ ಗೊತ್ತು. ಆ ಪೇಂಟಿನ ಡಬ್ಬಿ ಅವನಿಗೆ ಕೊಟ್ಟವನೇ ನಾನು. ಯಾಕೆ, ನಿಮಗೆ ಗೊತ್ತಿಲ್ವಾ? ಇಪ್ಪತ್ತು ವರ್ಷದಿಂದ ಹಳೇದನ್ನ ಡಬ್ಬೀಲಿ ಹಾಕಿ ಕೊಡ್ತಿದಾನಲ್ಲ ನಿಮಗೆ, ತೆಗ್ದು ನೋಡಿಲ್ವಾ?"

ಗಾಜಿನವನು ಕೀಲನ್ನು ಮೆಲ್ಲಗೆ ಡಬ್ಬಿಯೊಳಗಿಟ್ಟ.

"ನನಗೇನು ಅನುಮಾನ ಗೊತ್ತಾ?" ನಿಧಾನಪ್ಪ ದನಿ ತಗ್ಗಿಸಿದ. "ಅವನೇ ಇಟ್ಟಿದಾನೆ ಚುಕ್ಕೆ. ಹಿಂದಿನ ಬೀದೀಲಿ ಹೊಸ ಅಂಗಡಿ ಬಂದಿದೆ. ಅಲ್ಲಿಗೆ ಹೋಗೋಕೆ ಒಂದು ನೆಪ ಬೇಕಿತ್ತು ಅವನಿಗೆ."

ಗಾಜಿನವನು ಬೀದಿ ದಾಟಿದ. ಗ್ಯಾರೇಜಿನ ಮೂಲೆಯ ಹಲಗೆಯ ಮೇಲೆ ಕೆಂಪು ಪೇಂಟಿನ ಒಂದು ಸಣ್ಣ ಡಬ್ಬಿ, ಅದರಲ್ಲೊಂದು ಕಡ್ಡಿ. ಎಷ್ಟು ಸಲ ಅದರ ಪಕ್ಕದಲ್ಲೇ ಕೂತು ಚಹಾ ಕುಡಿದಿದ್ದ!

ಮೇಸ್ತ್ರಿ ತಲೆ ಎತ್ತಲಿಲ್ಲ. "ನಿನ್ನೆ ನಿಮಗೆ ಮುಖ ತೋರಿಸೋಕೆ ಆಗ್ಲಿಲ್ಲ ಅಣ್ಣ. ನನ್ನ ಮಾತು ಕೇಳಿ ನೀವು ಅಲ್ಲಿಗೆ ಹೋದ್ರಿ, ಅವನು ನಿಮಗೆ ಹಳೇದು ಕೊಟ್ಟ. ಮಗಳು ಓಡಿಸ್ತಾಳೆ ಅಂತ ಬೇರೆ ಹೇಳಿದ್ರಿ. ಅದಕ್ಕೇ ಹಿಂದಿನ ಬೀದಿಯಿಂದ ತಂದು ಹಾಕ್ದೆ. ನಿಪ್ಪಲ್ ಇರೋದು ಅವರ ಹತ್ರ ಇರ್ಲಿಲ್ಲ, ಸೀಲಿಂದೇ. ಇಷ್ಟು ವರ್ಷ ಅವನು ನನಗೆ ಎಷ್ಟು ಸತ್ತ ಸಾಮಾನು ಕೊಟ್ಟಿರ್ಬೇಕು ಅಂತ ರಾತ್ರಿಯೆಲ್ಲ ಲೆಕ್ಕ ಹಾಕಿದೀನಿ."

ತಾನು ಹಾಕಿದ ಲೆಕ್ಕವೇ ಇನ್ನೊಬ್ಬನ ಬಾಯಿಂದ ಬಂದದ್ದು ಕೇಳಿ ಗಾಜಿನವನು, "ಹೂಂ... ಬರ್ತೀನಿ" ಎಂದು ಹೊರಟುಬಿಟ್ಟ. ಹೇಳಬೇಕೆಂದೇ ಬಾಯಿ ತೆರೆದಿದ್ದ, ಬಂದದ್ದು ಅಷ್ಟೇ.

ಮನೆಗೆ ಬಂದವನು ಶೆಡ್ಡಿಗೆ ಹೋದ. ಮೂಲೆಯ ರಾಶಿಯಿಂದ ಡಬ್ಬಿಗಳನ್ನು ಒಂದೊಂದಾಗಿ ತೆರೆದ. ಬೇರಿಂಗು, ಕೆಂಪು ಚುಕ್ಕೆ. ಬ್ರೇಕಿನ ಪಟ್ಟಿ, ಕೆಂಪು ಚುಕ್ಕೆ. ಹೆಸರೇ ಮರೆತುಹೋದ ಕಬ್ಬಿಣಗಳು, ತುಕ್ಕಿನ ನಡುವೆಯೂ ಕೆಂಪು ಕೆಂಪು. ಹಳದಿ ಡಬ್ಬಿಯಲ್ಲಿ ಮೊನ್ನೆಯವರೆಗೆ ಗಾಡಿಯಲ್ಲಿದ್ದ ಬಲಗಡೆಯ ಕೀಲು. ಬೆರಳಲ್ಲಿ ಅಲುಗಿಸಿದ. ಗೊಂಬೆಯ ಕತ್ತಿನಂತೆ ಲೊಳಲೊಳ ಆಡಿತು. ಬಲಗಡೆಯದೂ ಮುಗಿದಿತ್ತು, ಮೇಸ್ತ್ರಿ ಹೇಳಿದಂತೆಯೇ.

"ಅಪ್ಪಾ, ನನ್ನ ಉಗುರುಬಣ್ಣ ನೋಡಿದ್ಯಾ?"

ಮಗಳು ಬಾಗಿಲಲ್ಲಿ ನಿಂತಿದ್ದಳು. ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಅವಳು ಆ ಕೈ ನೋಡಿದಳು, ಡಬ್ಬಿ ರಾಶಿ ನೋಡಿದಳು, ಅಪ್ಪನ ಮುಖ ನೋಡಿದಳು. ಮಗಳ ಮುಂದೆ ಅವನು ಯಾವತ್ತೂ ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಏನನ್ನೂ ಮುಚ್ಚಿಟ್ಟವನಲ್ಲ. ಎಲ್ಲ ಹೇಳಿದ.

ಅವಳು ನಗುತ್ತಾಳೆ ಅಂದುಕೊಂಡಿದ್ದ. ನಗಲಿಲ್ಲ.

"ಅವರಿಬ್ಬರಿಗೂ ಹೇಳಿದ್ಯಾ?"

"ಹೇಗೆ ಹೇಳ್ಲಿ ಪುಟ್ಟೀ? ಇಪ್ಪತ್ತು ವರ್ಷ ನಂಬಿದವರು."

"ಅವರು ನಂಬಿದ್ರು. ನೀನಲ್ಲ." ಅವಳು ಗಾಡಿಯ ಕೀಲಿಯನ್ನು ಮೊಳೆಗೆ ನೇತುಹಾಕಿದಳು. "ಆ ಗಾಡೀಲಿ ಏನು ಹಾಕಿದಾರೆ ಅಂತ ಸೋಮವಾರ ನಾನೂ ಅನುಮಾನ ಪಡ್ತಾ ಇಳಿಜಾರು ಇಳೀಬೇಕಾ? ನೀನು ಹೇಳೋವರೆಗೂ ನಾನು ಸ್ಟಿಯರಿಂಗ್ ಮುಟ್ಟಲ್ಲ."

ಹೀಗಾಗಿ ಒಂದು ಗಂಟೆಯ ನಂತರ, ಗ್ಯಾರೇಜಿನ ಮುಂದೆ, ಗಾಜಿನವನು ತಪ್ಪು ಮಾಡಿ ಸಿಕ್ಕಿಬಿದ್ದ ಶಾಲಾಮಗುವಿನಂತೆ ನಿಂತಿದ್ದ. ಗಾಡಿಯನ್ನು ಕಷ್ಟಪಟ್ಟು ಅವನೇ ಓಡಿಸಿಕೊಂಡು ಬಂದಿದ್ದ. ಮಗಳು ಆಚೆಯಿಂದ ನಿಧಾನಪ್ಪನನ್ನೂ ಅವನ ನಾಲ್ಕು ಡಬ್ಬಿಗಳನ್ನೂ ಎಳೆದು ತಂದಿದ್ದಳು. ಮೇಸ್ತ್ರಿ, ನಿಧಾನಪ್ಪ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತರು. ಗಾಜಿನವನು ಶೀಶೆ ತೋರಿಸಿ ಎಲ್ಲವನ್ನೂ ಹೇಳಿ ಮುಗಿಸಿದ.

ಆಮೇಲೆ ಮೇಸ್ತ್ರಿ ತಲೆ ಅಲ್ಲಾಡಿಸಿದ.

"ನಾನು ನಂಬಲ್ಲ ಅಣ್ಣ."

"ಏನು ನಂಬಲ್ಲ?"

"ನೀವು ಒಳ್ಳೆಯವರು. ಇವನ ಮಾನ ಉಳಿಸೋಕೆ ನಿಮ್ಮ ಮೇಲೆ ಹಾಕ್ಕೊಳ್ತಿದೀರಿ."

"ನನ್ನ ಮಾನವಾ?" ನಿಧಾನಪ್ಪ ಸಿಡಿದ. "ನಿನ್ನನ್ನ ಉಳಿಸ್ತಿದಾರೆ ಕಣೋ! ಚುಕ್ಕೆ ಇಟ್ಟವನು ನೀನು!"

ಸುಳ್ಳು ಹೇಳಿದ್ದರೆ ನಂಬುತ್ತಿದ್ದರೇನೋ. ನಿಜ ಹೇಳಿ ಸಿಕ್ಕಿಕೊಂಡಿದ್ದ ಗಾಜಿನವನು ಮಗಳ ಮುಖ ನೋಡಿದ. ಅವಳು ಡಬ್ಬಿಯಿಂದ ಒಂದು ಕೀಲನ್ನು ತೆಗೆದು ಬಿಸಿಲಿಗೆ ಹಿಡಿದಳು.

"ಮೇಸ್ತ್ರಿ ಮಾಮ, ಹತ್ರ ಬನ್ನಿ. ನಿಮ್ಮ ಪೇಂಟಲ್ಲಿ ಮಿನುಗು ಇದೆಯಾ?"

ಇಬ್ಬರೂ ಬಗ್ಗಿದರು. ಕೆಂಪಿನೊಳಗೆ ಬೆಳ್ಳಿ ಪುಡಿಯಂತೆ ಸಣ್ಣ ಸಣ್ಣ ಮಿನುಗು. ಅವಳು ತನ್ನ ಎಡಗೈಯ ಕಿರುಬೆರಳನ್ನು ಅದರ ಪಕ್ಕಕ್ಕೆ ಹಿಡಿದಳು. ಅದೇ ಕೆಂಪು, ಅದೇ ಮಿನುಗು.

ನಿಧಾನಪ್ಪ ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದ. ಮೇಸ್ತ್ರಿ ಉಗುರಿನಿಂದ ಚುಕ್ಕೆಯನ್ನು ಕೆರೆದ. ಅದು ಸಿಪ್ಪೆಯಂತೆ ಎದ್ದು ಬಂತು.

"ಥೂ ನಿಮ್ಮ!" ಎಂದ ಮೇಸ್ತ್ರಿ. "ನೀಲಿ ಬಣ್ಣ ಇರ್ಲಿಲ್ವಾ ನಿಮ್ಮ ಮನೇಲಿ?"

"ಇವರಿಗೆ ಡಬ್ಬಿ ತೆಗ್ದು ನೋಡೋ ಅಭ್ಯಾಸವೇ ಇಲ್ಲ," ಎಂದ ನಿಧಾನಪ್ಪ. "ನಾನು ತೆಗ್ದು ನೋಡಿದ್ದಕ್ಕೆ ಮಾತ್ರ ಯಾಕೆ ತೆಗ್ದೆ ಅಂತ ಕೇಳಿದ್ರು."

"ನನ್ನ ಕಿವಿ ಮೇಲೂ ಅನುಮಾನ ಪಟ್ರು, ಗೊತ್ತಾ ನಿನಗೆ?"

"ಯಾವಾಗ?"

"ಮೊನ್ನೆ. ಬಲಗಡೆ ಏನೂ ಅಂತಿಲ್ವಲ್ಲ ಅಂದ್ರು."

"ಅಯ್ಯೋ ದೇವ್ರೇ!"

ಗಾಜಿನವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಇಬ್ಬರೂ ಈಗ ಒಬ್ಬರಿಗೊಬ್ಬರು ನೇರವಾಗಿ ಮಾತಾಡುತ್ತಿದ್ದರು. ಅವನನ್ನು ಬೈಯುವ ನೆಪದಲ್ಲಿ ಆದರೂ ಚಿಂತೆಯಿಲ್ಲ, ಬೈಯಲಿ ಅಂದುಕೊಂಡ.

ಬೈದು ಸಾಕಾದ ಮೇಲೆ ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. "ಸರಿ. ಈಗ ಗಾಡೀಲಿರೋದೂ ಹೊಸದೇ, ಡಬ್ಬೀಲಿರೋದೂ ಹೊಸದೇ. ಯಾವುದು ಇರ್ಲಿ ಹೇಳಿ ಅಣ್ಣ."

ಗಾಜಿನವನು ಬಾಯಿ ತೆರೆದು, ಮುಚ್ಚಿ, ಮಗಳ ಕಡೆ ತಿರುಗಿದ. "ಓಡಿಸೋಳು ಅವಳು. ಅವಳನ್ನೇ ಕೇಳು."

ಇಷ್ಟು ದಿನದಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ.

"ಸೀಲಿಂದಕ್ಕೂ ಇದಕ್ಕೂ ವ್ಯತ್ಯಾಸ ಏನು ಮಾಮ?"

"ಸೀಲಿಂದನ್ನ ಹಾಕಿ ಮರೀಬಹುದಮ್ಮ. ಅದು ಹೋಗೋವಾಗ ಹೇಳದೇ ಹೋಗ್ಬಹುದು. ಇದಕ್ಕೆ ತಿಂಗಳಿಗೊಂದ್ಸಲ ಕೆಳಗೆ ನುಗ್ಗಿ ಗ್ರೀಸ್ ಹೊಡೀಬೇಕು. ನುಗ್ಗಿದಾಗ ಹೇಗೂ ಕಣ್ಣಿಗೆ ಬೀಳುತ್ತೆ, ರಬ್ಬರ್ ಹರಿದಿದೆಯಾ, ಆಟ ಬಂದಿದೆಯಾ ಅಂತ."

"ಹಾಗಾದ್ರೆ ಇದೇ ಹಾಕಿ. ನಾನೇ ನುಗ್ತೀನಿ. ಹೇಗೆ ಹೊಡೆಯೋದು ಅಂತ ಇವತ್ತೇ ತೋರಿಸಿ."

"ನಾನಾದ್ರೆ ಸೀಲಿಂದೇ..." ಎಂದು ಶುರುಮಾಡಿದ ನಿಧಾನಪ್ಪ.

"ನೀನು ಸುಮ್ನಿರಪ್ಪ," ಎಂದ ಮೇಸ್ತ್ರಿ.

ಕೆಲಸ ಮುಗಿದು ಚಕ್ರಗಳ ಓರೆ ನೇರ ಮಾಡುವ ಹೊತ್ತಿಗೆ ಸಂಜೆಯಾಗಿತ್ತು. ಮಗಳ ಮೊಣಕೈಯವರೆಗೂ ಗ್ರೀಸಾಗಿತ್ತು. ಅವಳು ಅಪ್ಪನ ಕೈಯಿಂದ ಶೀಶೆ ಇಸಿದುಕೊಂಡು ಮುಂಗಾಜಿನ ಕೆಳಗಿನ ಹಲಗೆಯ ಮೇಲಿಟ್ಟು, ಸ್ಟಿಯರಿಂಗಿನ ಹಿಂದೆ ಕೂತಳು. ಗಾಜಿನವನು ಪಕ್ಕದ ಬಾಗಿಲಿಗೆ ಕೈಹಾಕಿದವನು ಕೈ ಹಿಂದೆ ತೆಗೆದುಕೊಂಡ.

"ಒಂದು ಸುತ್ತು ನೀನೊಬ್ಬಳೇ ಹೋಗಿ ಬಾ."

"ಹೋಗ್ಲಾ?"

"ಹೋಗು."

ಗಾಡಿ ಹೊರಟಿತು. ಮೂವರೂ ಬೀದಿಯ ಅಂಚಿನಲ್ಲಿ ನಿಂತು ಕಿವಿಗೊಟ್ಟರು. ಮುಂದಿನ ಚಕ್ರಗಳು ಚರಂಡಿಯ ಚಪ್ಪಡಿ ಹತ್ತಿ ಇಳಿದವು. ಟಕ್.

ಗಾಜಿನವನು ಒಂದು ಹೆಜ್ಜೆ ಮುಂದಿಟ್ಟ. ನಿಧಾನಪ್ಪ ಮೇಸ್ತ್ರಿಯ ಕಡೆ ತಿರುಗಿದ. ಮೇಸ್ತ್ರಿ ಆಗಲೇ ತಲೆ ವಾಲಿಸಿ ಕಣ್ಣು ಮುಚ್ಚಿದ್ದ. ಗಾಡಿ ನಿಂತಿತು. ಕಿಟಕಿಯಿಂದ ಗ್ರೀಸು ಮೆತ್ತಿದ ಒಂದು ಕೈ ಹೊರಗೆ ಬಂತು. ಹಲಗೆಯ ಮೇಲೆ ಉರುಳಿ ಮುಂಗಾಜಿಗೆ ಬಡಿದಿದ್ದ ಉಗುರುಬಣ್ಣದ ಶೀಶೆಯನ್ನು ಅವರಿಗೆ ಕಾಣುವಂತೆ ಎತ್ತಿ ಹಿಡಿದು, ಒಳಗೆ ಹೋಯಿತು. ಗಾಡಿ ಮತ್ತೆ ಹೊರಟು, ತಿರುವಿನಲ್ಲಿ ಸದ್ದಿಲ್ಲದೆ ತಿರುಗಿತು.